ಮೋಟಾರು ವಾಹನಗಳ ಸವೆದ ಟೈರುಗಳನ್ನು ಬದಲಾಯಿಸಬೇಕಾದ ಸಂದರ್ಭಗಳು: ಸಾರ್ವಜನಿಕರಿಗೆ ಮಾಹಿತಿ

ಸಾರಿಗೆ ವಾಹನಗಳ ಅರ್ಹತಾ ಪತ್ರದ ನವೀಕರಣಕ್ಕಾಗಿ ಹಾಗೂ ಹದಿನೈದು ವರ್ಷ ಪೂರೈಸಿದ ಸ್ವಂತ ಬಳಕೆಯ ವಾಹನಗಳ ನೋಂದಣಿ ನವೀಕರಣಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಟೈರುಗಳ ಸ್ಥಿತಿಯ ಬಗ್ಗೆ ಮುಂಚಿತವಾಗಿ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ಸಂಚರಿಸುವ ವಾಹನಗಳನ್ನು ವಿಶೇಷವಾಗಿ ಗಮನದಲ್ಲಿರಿಸಿಕೊಂಡು ಇದನ್ನು ಸಿದ್ಧಪಡಿಸಲಾಗಿದ್ದರೂ ಇತರೆ ಭಾಗಗಳ ವಾಹನ ಮಾಲೀಕರಿಗೂ ಇದು ಅನ್ವಯವಾಗುತ್ತದೆ.

ಟೈರಿನ ವಿಷಯದಲ್ಲಿ ಏಕೆ ಎಚ್ಚರಿಕೆ

ವಾಹನವು ರಸ್ತೆಯನ್ನು ಸ್ಪರ್ಶಿಸುವುದು ಟೈರುಗಳ ಮೂಲಕ. ಸಾಮಾನ್ಯ ಕಾರಿನ ಒಂದು ಟೈರು ಯಾವುದೇ ಕ್ಷಣದಲ್ಲಿ ನೆಲಕ್ಕೆ ತಾಗಿರುವ ಭಾಗ ಸುಮಾರು ಒಂದು ಅಂಗೈ ಅಗಲದಷ್ಟಿರುತ್ತದೆ. ಬ್ರೇಕ್ ಎಷ್ಟೇ ಉತ್ತಮವಾಗಿದ್ದರೂ ಚಕ್ರವನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ವಾಹನವನ್ನು ನಿಲ್ಲಿಸುವುದು ಈ ನಾಲ್ಕು ಅಂಗೈಗಳ ಹಿಡಿತ. ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯೂ ಟೈರಿನಲ್ಲಿ ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

ಟೈರಿನ ಮೇಲ್ಮೈಯಲ್ಲಿರುವ ಗೆರೆಗಳು ಅಲಂಕಾರಕ್ಕಾಗಿ ಇರುವುವಲ್ಲ. ಒದ್ದೆ ರಸ್ತೆಯಲ್ಲಿ ಟೈರಿನ ಅಡಿಗೆ ಸಿಲುಕುವ ನೀರು ಈ ಗೆರೆಗಳ ಮೂಲಕ ಹಿಂದಕ್ಕೂ ಪಕ್ಕಕ್ಕೂ ಹರಿದುಹೋಗಬೇಕು. ಗೆರೆಗಳ ಆಳ ಕಡಿಮೆಯಾದಂತೆ ನೀರು ಹೊರಹೋಗಲು ದಾರಿಯಿಲ್ಲದೆ ಟೈರಿಗೂ ರಸ್ತೆಗೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಆಗ ವಾಹನ ನೀರಿನ ಮೇಲೆ ತೇಲಿದಂತಾಗಿ ಸ್ಟೀರಿಂಗ್ ತಿರುಗಿಸಿದರೂ ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು. ಒಣ ರಸ್ತೆಯಲ್ಲಿ ಬೋಳು ಟೈರು ಸಾಕಷ್ಟು ಚೆನ್ನಾಗಿಯೇ ಓಡುತ್ತದೆ. ಇದೇ ಕಾರಣದಿಂದ ಬೇಸಿಗೆಯುದ್ದಕ್ಕೂ ಏನೂ ಆಗಲಿಲ್ಲವೆಂಬ ಧೈರ್ಯದಲ್ಲಿ ಮಾಲೀಕರು ಟೈರು ಬದಲಾಯಿಸುವುದನ್ನು ಮುಂದೂಡುತ್ತಾರೆ. ದೋಷ ಹೊರಬೀಳುವುದು ಮೊದಲ ಮಳೆಯ ದಿನ.

ಕಾನೂನಿನಲ್ಲಿ ಏನಿದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 94ರಲ್ಲಿ ಟೈರುಗಳ ಸ್ಥಿತಿಯ ಬಗ್ಗೆ ಉಪಬಂಧ ಕಲ್ಪಿಸಲಾಗಿದೆ. ಅದರಂತೆ ಟೈರುಗಳಲ್ಲಿ ಸೂಕ್ತ ಪ್ರಮಾಣದ ಗಾಳಿ ಇರತಕ್ಕದ್ದು ಮತ್ತು ಅವು ಸುಸ್ಥಿತಿಯಲ್ಲಿರತಕ್ಕದ್ದು. ಸವೆತದಿಂದ ಅಥವಾ ಕೊಯ್ತದಿಂದ ಒಳಗಿನ ನೂಲಿನ ಪದರ ಹೊರಗೆ ಕಂಡರೆ, ಅಥವಾ ಮೇಲ್ಪದರ ಬಿಟ್ಟುಕೊಳ್ಳುವ ಸೂಚನೆಯಾಗಿ ಎಲ್ಲಿಯಾದರೂ ಉಬ್ಬು ಅಥವಾ ವಿಕಾರ ಕಾಣಿಸಿಕೊಂಡರೆ ಅಂತಹ ಟೈರನ್ನು ಸುಸ್ಥಿತಿಯಲ್ಲಿದೆಯೆಂದು ಪರಿಗಣಿಸಲು ಬರುವುದಿಲ್ಲ. ಗೆರೆಗಳ ಆಳವು ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ ಹಾಗೂ ಇತರೆ ಮೋಟಾರು ವಾಹನಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು.

ಮೋಟಾರು ವಾಹನ ಕಾಯ್ದೆ, 1988ರ ಕಲಂ 190 ಅಪಾಯಕಾರಿ ಸ್ಥಿತಿಯಲ್ಲಿರುವ ವಾಹನದ ಬಳಕೆಗೆ ಸಂಬಂಧಿಸಿದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ರೂ. 1,500 ದಂಡವಿದ್ದು, ಸದರಿ ದೋಷದಿಂದ ಅಪಘಾತ ಸಂಭವಿಸಿ ಯಾರಿಗಾದರೂ ಗಾಯವಾದಲ್ಲಿ ಅಥವಾ ಸ್ವತ್ತಿಗೆ ಹಾನಿಯಾದಲ್ಲಿ ಮೂರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಈ ಕಲಮಿನ ಎರಡು ಮಾತುಗಳನ್ನು ಮಾಲೀಕರು ಗಮನವಿಟ್ಟು ಓದುವುದು ಒಳ್ಳೆಯದು. ಮೊದಲನೆಯದಾಗಿ, ವಾಹನವನ್ನು ಚಲಾಯಿಸುವವರಂತೆಯೇ ಚಲಾಯಿಸಲು ಕಾರಣರಾದವರು ಅಥವಾ ಅವಕಾಶ ನೀಡಿದವರೂ ಹೊಣೆಗಾರರು. ಎರಡನೆಯದಾಗಿ, ದೋಷವು ಅವರಿಗೆ ತಿಳಿದಿರಬೇಕೆಂದೇನೂ ಇಲ್ಲ. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷವಾಗಿದ್ದರೂ ಸಾಕು. ಟೈರಿನ ಸವೆತವು ಬಗ್ಗಿ ನೋಡಿದರೆ ಕಾಣುವ ದೋಷ. ಆದುದರಿಂದ "ಗಮನಿಸಿರಲಿಲ್ಲ" ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದು ಕಷ್ಟ.

ಈ ಅಂಶವು ಐ.ಟಿ. ಕಂಪನಿಗಳ ಉದ್ಯೋಗಿಗಳನ್ನು ಕರೆದೊಯ್ಯುವ ಕ್ಯಾಬ್‌ಗಳಿಗೆ ಹೆಚ್ಚು ಸಂಬಂಧಿಸಿದ್ದು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂತಹ ಅನೇಕ ವಾಹನಗಳನ್ನು ಚಾಲಕರೇ ಸಾಲ ಮಾಡಿ ಖರೀದಿಸಿ ಗುತ್ತಿಗೆದಾರರ ಬಳಿ ಅಟ್ಯಾಚ್ ಮಾಡಿರುತ್ತಾರೆ. ಟೈರಿನ ಖರ್ಚು ಚಾಲಕರ ಪಾಲಿಗೆ ಬರುತ್ತದೆ. ತಿಂಗಳ ಕಂತು ಕಟ್ಟಿದ ಮೇಲೆ ಉಳಿಯುವ ಹಣದಲ್ಲಿ ಟೈರಿಗೆ ಸರದಿ ಬರುವುದು ಕೊನೆಗೆ. ಗುತ್ತಿಗೆದಾರರು ಮತ್ತು ಕಂಪನಿಗಳ ಸಾರಿಗೆ ವಿಭಾಗದವರು ಪರವಾನಗಿ, ವಿಮೆ, ಹೊಗೆ ತಪಾಸಣಾ ಪತ್ರಗಳ ಪ್ರತಿಗಳನ್ನು ಕಡತದಲ್ಲಿ ಇರಿಸಿಕೊಳ್ಳುವಂತೆಯೇ ತಿಂಗಳಿಗೊಮ್ಮೆ ಪ್ರತಿ ವಾಹನದ ಟೈರುಗಳ ಆಳವನ್ನು ಅಳೆದು ದಾಖಲಿಸಿಕೊಳ್ಳುವುದು ಸೂಕ್ತ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಉದ್ಯೋಗಿಗೆ ಕಾರಿನ ಟೈರು ನೋಡುವ ಅವಕಾಶವೂ ಇರುವುದಿಲ್ಲ, ಬೆಳಕೂ ಇರುವುದಿಲ್ಲ.

ಸವೆತವನ್ನು ಕಂಡುಹಿಡಿಯುವ ಕ್ರಮ

ಪ್ರತಿ ಟೈರಿನಲ್ಲಿಯೂ ತಯಾರಕರೇ ಸವೆತದ ಸೂಚಕಗಳನ್ನು ಇರಿಸಿರುತ್ತಾರೆ. ಟೈರಿನ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಟಿ.ಡಬ್ಲ್ಯೂ.ಐ. ಎಂಬ ಇಂಗ್ಲಿಷ್ ಅಕ್ಷರಗಳು ಅಥವಾ ಸಣ್ಣ ತ್ರಿಕೋನದ ಗುರುತು ಹಲವು ಕಡೆ ಕಾಣಸಿಗುತ್ತದೆ. ಆ ಗುರುತಿನಿಂದ ನೇರವಾಗಿ ಗೆರೆಗಳ ಒಳಗೆ ನೋಡಿದರೆ ಗೆರೆಯ ತಳದಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಂಡು ಇರುತ್ತದೆ. ಕಾರಿನ ಟೈರಿನಲ್ಲಿ ಈ ದಿಂಡಿನ ಎತ್ತರ 1.6 ಮಿ.ಮೀ. ಸುತ್ತಲಿನ ರಬ್ಬರ್ ಸವೆದು ಈ ದಿಂಡಿನ ಮಟ್ಟಕ್ಕೆ ಬಂದಿದ್ದರೆ ಟೈರಿನ ಆಯುಷ್ಯ ಮುಗಿದಿದೆಯೆಂದು ತಿಳಿಯತಕ್ಕದ್ದು.

ನಿಖರವಾಗಿ ಅಳೆಯಲು ಆಳ ಅಳೆಯುವ ಗೇಜ್ ಎಂಬ ಪುಟ್ಟ ಉಪಕರಣ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಇದರ ಕಡ್ಡಿಯನ್ನು ಗೆರೆಯ ತಳಕ್ಕೆ ಇಳಿಸಿ ಅಳತೆಯನ್ನು ಓದಬಹುದು. ಒಂದೇ ಕಡೆ ಅಳೆದರೆ ಸಾಲದು. ಟೈರಿನ ಒಳ ಅಂಚು, ಮಧ್ಯಭಾಗ, ಹೊರ ಅಂಚು ಈ ಮೂರೂ ಕಡೆ, ಸುತ್ತಳತೆಯ ಮೂರು ನಾಲ್ಕು ಸ್ಥಳಗಳಲ್ಲಿ ಅಳೆದು, ಅವುಗಳಲ್ಲಿ ಅತಿ ಕಡಿಮೆ ಬಂದುದನ್ನೇ ಆ ಟೈರಿನ ಆಳವೆಂದು ಪರಿಗಣಿಸಬೇಕು. ಕಾರಿನ ಮುಂದಿನ ಚಕ್ರಗಳ ಒಳ ಅಂಚು ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಸ್ಟೀರಿಂಗನ್ನು ಪೂರ್ಣವಾಗಿ ಒಂದು ಬದಿಗೆ ತಿರುಗಿಸಿದರೆ ಕಾಣುತ್ತದೆ. ಹೊರಗಿನಿಂದ ಹೊಸದರಂತಿದ್ದ ಟೈರಿನ ಒಳ ಅಂಚಿನಲ್ಲಿ ತಂತಿ ಹೊರಬಂದಿರುವ ಪ್ರಕರಣಗಳು ತಪಾಸಣೆಯಲ್ಲಿ ಹೊಸದೇನಲ್ಲ.

ಅಂತರ್ಜಾಲದಲ್ಲಿ ಪ್ರಚಲಿತವಿರುವ ನಾಣ್ಯದ ಪರೀಕ್ಷೆಯ ಬಗ್ಗೆ ಒಂದು ಮಾತು. ಅಮೆರಿಕದ ಒಂದು ಸೆಂಟ್ ನಾಣ್ಯವನ್ನು ತಲೆಕೆಳಗಾಗಿ ಗೆರೆಯೊಳಗೆ ಇಟ್ಟು ಲಿಂಕನ್ ಅವರ ತಲೆ ಪೂರ್ಣ ಕಂಡರೆ ಟೈರು ಸವೆದಿದೆಯೆಂದು ಹೇಳುವ ವಿಧಾನ ಆ ನಾಣ್ಯದ ವಿನ್ಯಾಸಕ್ಕೆ ಮಾತ್ರ ಹೊಂದುತ್ತದೆ. ನಮ್ಮ ಒಂದು ಅಥವಾ ಎರಡು ರೂಪಾಯಿ ನಾಣ್ಯಗಳ ಗಾತ್ರ ಮತ್ತು ಚಿತ್ರಗಳು ಹಲವು ಬಾರಿ ಬದಲಾಗಿರುವುದರಿಂದ ಅವುಗಳಿಂದ ಅಳೆಯುವುದು ವಿಶ್ವಾಸಾರ್ಹವಲ್ಲ.

ಕಾನೂನಿನ ಮಿತಿ ಮತ್ತು ಸುರಕ್ಷತೆಯ ಮಿತಿ

1.6 ಮಿ.ಮೀ. ಎಂಬುದು ಅದಕ್ಕಿಂತ ಕೆಳಗೆ ವಾಹನವನ್ನು ರಸ್ತೆಗೆ ತರಕೂಡದೆಂಬ ಕೊನೆಯ ಗೆರೆ. ಅಲ್ಲಿಯವರೆಗೂ ಟೈರು ಹೊಸದರಂತೆಯೇ ಕೆಲಸ ಮಾಡುತ್ತದೆಂದು ಇದರ ಅರ್ಥವಲ್ಲ. ಹೊಸ ಕಾರು ಟೈರಿನ ಆಳ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸಿನಲ್ಲಿರುತ್ತದೆ. 3 ಮಿ.ಮೀ.ಗೆ ಇಳಿದಾಗಲೇ ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಗಮನಾರ್ಹವಾಗಿ ಹೆಚ್ಚಾಗುತ್ತದೆ. ಆದುದರಿಂದ ಮಳೆಗಾಲದಲ್ಲಿ ವಾಹನ ಓಡಿಸುವವರು ಕಾರುಗಳಲ್ಲಿ 3 ಮಿ.ಮೀ. ತಲುಪಿದ ಕೂಡಲೇ ಹೊಸ ಟೈರಿಗೆ ಸಿದ್ಧತೆ ಮಾಡಿಕೊಳ್ಳುವುದು ಅಪೇಕ್ಷಣೀಯ.

ಹೀಗೆ ಮುಂಚಿತವಾಗಿ ಬದಲಾಯಿಸುವುದು ದುಬಾರಿಯೆಂಬ ಅಭಿಪ್ರಾಯವಿದೆ. ಲೆಕ್ಕ ಹಾಕಿ ನೋಡಬಹುದು. ಉದಾಹರಣೆಗೆ ರೂ. 5,000 ಬೆಲೆಯ ಟೈರೊಂದು 8 ಮಿ.ಮೀ.ನಿಂದ 1.6 ಮಿ.ಮೀ.ವರೆಗೆ 40,000 ಕಿ.ಮೀ. ಓಡುತ್ತದೆ ಎಂದು ಭಾವಿಸೋಣ. ಬಳಕೆಗೆ ಬರುವ ರಬ್ಬರ್ 6.4 ಮಿ.ಮೀ.; ಒಂದು ಮಿ.ಮೀ.ಗೆ 6,250 ಕಿ.ಮೀ. 3 ಮಿ.ಮೀ.ನಲ್ಲಿಯೇ ಬದಲಾಯಿಸಿದರೆ ಬಿಟ್ಟುಕೊಡುವುದು 1.4 ಮಿ.ಮೀ., ಅಂದರೆ 8,750 ಕಿ.ಮೀ. ಹಣದಲ್ಲಿ ಇದು ಟೈರೊಂದಕ್ಕೆ ಸುಮಾರು ರೂ. 1,094, ನಾಲ್ಕು ಟೈರುಗಳಿಗೆ ಸುಮಾರು ರೂ. 4,375. ಇದೂ ಹಲವು ವರ್ಷಗಳ ಅವಧಿಗೆ ಹಂಚಿಹೋಗುವ ಮೊತ್ತ. ಮಳೆಯಲ್ಲಿ ಮುಂದಿನ ವಾಹನಕ್ಕೆ ಒಮ್ಮೆ ತಾಗಿದರೆ ಬಂಪರ್ ಮತ್ತು ದೀಪಗಳ ವೆಚ್ಚವೇ ಇದನ್ನು ಮೀರುವುದು ಸಾಮಾನ್ಯ.

ಸವೆತದ ರೀತಿ ಏನು ಹೇಳುತ್ತದೆ

ಟೈರು ಎಲ್ಲಿ ಸವೆದಿದೆ ಎಂಬುದರಿಂದ ಕಾರಣವನ್ನೂ ತಿಳಿಯಬಹುದು. ಎರಡೂ ಅಂಚುಗಳು ಸವೆದು ಮಧ್ಯಭಾಗ ಉಳಿದಿದ್ದರೆ ಗಾಳಿ ಕಡಿಮೆಯಿದ್ದು ಓಡಿಸಲಾಗಿದೆ. ಮಧ್ಯಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಅದೇ ರೀತಿ ಹಾಳಾಗುತ್ತದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಬ್ಯಾಟರಿ ಚಾಲಿತ ವಾಹನಗಳು ಅದೇ ಗಾತ್ರದ ಪೆಟ್ರೋಲ್ ವಾಹನಗಳಿಗಿಂತ ಸಾಮಾನ್ಯವಾಗಿ ಭಾರವಿದ್ದು, ಮೋಟಾರಿನ ಎಳೆತವೂ ಒಮ್ಮೆಲೇ ಬರುವುದರಿಂದ ಅವುಗಳ ಟೈರು ಬೇಗ ಸವೆಯುವುದುಂಟು. ಇಂತಹ ಕ್ಯಾಬ್ ಮತ್ತು ಸ್ಕೂಟರುಗಳ ಮಾಲೀಕರು ಹಿಂದಿನ ಅನುಭವದ ಕಿ.ಮೀ. ಲೆಕ್ಕವನ್ನು ನೆಚ್ಚಿಕೊಳ್ಳಬಾರದು.

ದ್ವಿಚಕ್ರ ವಾಹನಗಳಲ್ಲಿ ಹಿಂದಿನ ಟೈರು ಮೊದಲು ಸವೆದು ಮಧ್ಯಭಾಗ ಚಪ್ಪಟೆಯಾಗುತ್ತದೆ. ನೇರ ರಸ್ತೆಯಲ್ಲಿ ವ್ಯತ್ಯಾಸ ತಿಳಿಯದು. ತಿರುವಿನಲ್ಲಿ ವಾಹನ ವಾಲಿದಾಗ ಚಪ್ಪಟೆ ಭಾಗದ ಅಂಚಿನ ಮೇಲೆ ಹತ್ತಿ ಇಳಿದಂತಾಗಿ ಜಾರುತ್ತದೆ. ದ್ವಿಚಕ್ರ ವಾಹನಕ್ಕೆ ಇರುವುದೇ ಎರಡು ಟೈರು. ಒಂದು ಜಾರಿದರೆ ಸವಾರ ಬೀಳುತ್ತಾನೆ. ಕಾನೂನಿನ ಮಿತಿ 0.8 ಮಿ.ಮೀ. ಎಂದಿದ್ದರೂ ಅಲ್ಲಿಯವರೆಗೆ ಕಾಯುವುದು ವಿವೇಕವಲ್ಲ.

ಗೆರೆಗಳಿದ್ದರೂ ಬದಲಾಯಿಸಬೇಕಾದ ಟೈರು: ವಯಸ್ಸಿನ ಪ್ರಶ್ನೆ

ರಬ್ಬರ್ ಓಡಿದರೂ ಹಳೆಯದಾಗುತ್ತದೆ, ನಿಂತರೂ ಹಳೆಯದಾಗುತ್ತದೆ. ಬಿಸಿಲು, ಗಾಳಿ ಮತ್ತು ಶಾಖದಿಂದ ಅದು ಗಡುಸಾಗಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಟೈರಿನ ಪಕ್ಕದ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅಂಕಿಗಳು ತಯಾರಿಕೆಯ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 3519 ಎಂದಿದ್ದರೆ 2019ನೇ ವರ್ಷದ 35ನೇ ವಾರ, ಅಂದರೆ ಆಗಸ್ಟ್ ಕೊನೆಯ ಭಾಗ. ಈ ಅಂಕಿಗಳು ಟೈರಿನ ಒಂದು ಬದಿಯಲ್ಲಿ ಮಾತ್ರ ಇರಬಹುದಾದ್ದರಿಂದ ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಬೇಕು.

ಹಲವು ವಾಹನ ತಯಾರಕರು ಆರು ವರ್ಷಗಳ ನಂತರ ಟೈರು ಬದಲಾಯಿಸುವಂತೆಯೂ, ಟೈರು ತಯಾರಕರು ಐದು ವರ್ಷಗಳ ನಂತರ ವರ್ಷಕ್ಕೊಮ್ಮೆ ಪರಿಣತರಿಂದ ಪರೀಕ್ಷಿಸಿಕೊಂಡು, ಹೇಗಿದ್ದರೂ ಹತ್ತು ವರ್ಷ ಮೀರಿದ ಟೈರನ್ನು ಬಳಸದಂತೆಯೂ ಸಲಹೆ ನೀಡುತ್ತಾರೆ. ತಮ್ಮ ವಾಹನದ ಕೈಪಿಡಿಯಲ್ಲಿ ಏನಿದೆಯೋ ಅದನ್ನು ಅನುಸರಿಸುವುದು ಉತ್ತಮ.

ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಐ.ಟಿ. ಉದ್ಯೋಗಿಗಳ ಸ್ವಂತ ಕಾರುಗಳಿಗೆ ಈ ಅಂಶ ವಿಶೇಷವಾಗಿ ಅನ್ವಯಿಸುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದ ನಂತರ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದು, ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಕಾರುಗಳು ತಿಂಗಳುಗಟ್ಟಲೆ ನಿಂತವು. ಆ ಸಮಯಕ್ಕೆ ಮುಂಚೆ ಖರೀದಿಸಿದ ಕಾರುಗಳು ಓಡಿದ ದೂರ ಕಡಿಮೆಯಿದ್ದು, ಮೂಲ ಟೈರುಗಳಲ್ಲಿ ಗೆರೆಗಳು ಆಳವಾಗಿಯೇ ಉಳಿದಿರುತ್ತವೆ. ಮಾಲೀಕರು ಮೀಟರಿನಲ್ಲಿ ಇಪ್ಪತ್ತೈದು ಸಾವಿರ ಕಿ.ಮೀ. ನೋಡಿ ನಿಶ್ಚಿಂತರಾಗಿರುತ್ತಾರೆ. ಆದರೆ 2018 ಅಥವಾ 2019ರಲ್ಲಿ ತಯಾರಾದ ಆ ಟೈರು ಆರು ವರ್ಷ ದಾಟಿದೆ. ಅದರಲ್ಲಿ ಬಹುಕಾಲ ಒಂದೇ ಭಾಗದ ಮೇಲೆ ಕಾರಿನ ಭಾರ ಹೊತ್ತು, ಗಾಳಿ ಇಳಿದ ಸ್ಥಿತಿಯಲ್ಲಿ ನಿಂತಿದೆ. ವಾರದಲ್ಲಿ ಎರಡು ಮೂರು ದಿನ ಕಚೇರಿಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆವಳುವ ಕಾರಿನಲ್ಲಿ ಇದು ಅನುಭವಕ್ಕೆ ಬರುವುದಿಲ್ಲ. ಅದೇ ಕಾರು ರಜೆಯ ದಿನ ತುಂಬು ಕುಟುಂಬ ಮತ್ತು ಸಾಮಾನುಗಳೊಂದಿಗೆ ನೈಸ್ ರಸ್ತೆ ಹಿಡಿದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಹೋದಾಗ ಗಂಟೆಗಟ್ಟಲೆ ಒಂದೇ ಸಮನೆ ವೇಗವಾಗಿ ಓಡಬೇಕಾಗುತ್ತದೆ. ಗಾಳಿ ಕಡಿಮೆಯಿರುವ ಹಳೆಯ ಟೈರು ಪ್ರತಿ ಸುತ್ತಿನಲ್ಲಿ ಹೆಚ್ಚು ಬಾಗಿ, ಬಾಗಿದಷ್ಟೂ ಕಾದು, ಒಳಪದರಗಳ ಬೆಸುಗೆ ಬಿಟ್ಟು ಸಿಡಿಯುವುದು ಇಂತಹ ಪ್ರಯಾಣಗಳಲ್ಲಿಯೇ. ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಆ ನಾಲ್ಕು ಅಂಕಿಗಳನ್ನು ಓದಲು ಎರಡು ನಿಮಿಷ ಸಾಕು. ಸ್ಟೆಪ್ನಿಯ ಅಂಕಿಗಳನ್ನೂ ಓದಬೇಕು, ಏಕೆಂದರೆ ಅದು ಒಮ್ಮೆಯೂ ಓಡದೆ ಹಳೆಯದಾಗಿರುತ್ತದೆ.

ಮಹಾರಾಷ್ಟ್ರದಲ್ಲಿ ನಾಗಪುರ–ಮುಂಬಯಿ ಸಮೃದ್ಧಿ ಮಹಾಮಾರ್ಗದಲ್ಲಿ ಅಪಘಾತಗಳು ಹೆಚ್ಚಿದಾಗ 2023ರಲ್ಲಿ ಅಲ್ಲಿನ ಸಾರಿಗೆ ಅಧಿಕಾರಿಗಳು ಪ್ರವೇಶದ್ವಾರಗಳಲ್ಲಿ ಟೈರುಗಳನ್ನು ಪರೀಕ್ಷಿಸಿ, ಸವೆದ ಟೈರುಗಳ ವಾಹನಗಳನ್ನು ಹಿಂದಕ್ಕೆ ಕಳುಹಿಸಿದುದನ್ನು ಇಲ್ಲಿ ಸ್ಮರಿಸಬಹುದು.

ಪೆಟ್ಟು, ಉಬ್ಬು ಮತ್ತು ಪಂಕ್ಚರ್

ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಟೈರಿಗೆ ಶತ್ರು ಬೇರೆಯೇ. ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳಿಂದ ಬರುವ ಲೋಹದ ಸುರುಳಿ ಚೂರುಗಳು, ತಗಡಿನ ತುಂಡುಗಳು ಗುಜರಿ ವಾಹನಗಳಿಂದ ಉದುರಿ ರಸ್ತೆಯಲ್ಲಿ ಬಿದ್ದಿರುತ್ತವೆ. ಇವು ಮೊಳೆಯಂತೆ ಒಂದೇ ಕಡೆ ಚುಚ್ಚದೆ ರಬ್ಬರನ್ನು ಕೊಯ್ಯುತ್ತವೆ. ಕೊಯ್ತದ ಮೂಲಕ ನೀರು ಒಳಗಿಳಿದು ಉಕ್ಕಿನ ಎಳೆಗಳು ತುಕ್ಕು ಹಿಡಿಯುತ್ತವೆ. ಈ ಭಾಗದ ಗೂಡ್ಸ್ ಆಟೋ ಮತ್ತು ಲಾರಿ ಚಾಲಕರು ದಿನದ ಕೆಲಸ ಮುಗಿದ ನಂತರ ಟೈರಿನಲ್ಲಿ ಸಿಲುಕಿದ ಚೂರುಗಳನ್ನು ತೆಗೆದುಹಾಕುವುದು ಒಳ್ಳೆಯ ಅಭ್ಯಾಸ. ಜೋಡಿ ಚಕ್ರಗಳ ನಡುವೆ ಸಿಲುಕಿದ ಕಲ್ಲು ಎರಡೂ ಟೈರುಗಳ ಪಕ್ಕದ ಗೋಡೆಯನ್ನು ಒಟ್ಟಿಗೆ ಹಾಳುಮಾಡುತ್ತದೆ. ಕಣ್ಣಿಗೆ ಕಂಡ ಕೂಡಲೇ ತೆಗೆಯಬೇಕು.

ಗುಂಡಿಗೆ ಅಥವಾ ರಸ್ತೆ ವಿಭಜಕದ ಅಂಚಿಗೆ ಬಲವಾಗಿ ಬಡಿದ ಟೈರಿನ ಪಕ್ಕದ ಗೋಡೆಯಲ್ಲಿ ಕೆಲವು ದಿನಗಳ ನಂತರ ನಿಂಬೆಹಣ್ಣಿನಂತೆ ಉಬ್ಬು ಕಾಣಿಸಿಕೊಳ್ಳಬಹುದು. ಒಳಗಿನ ನೂಲಿನ ಎಳೆಗಳು ಕತ್ತರಿಸಿ, ಗಾಳಿಯನ್ನು ರಬ್ಬರಿನ ತೆಳು ಪದರ ಮಾತ್ರ ತಡೆದಿದೆ ಎಂದು ಇದರ ಅರ್ಥ. ಇದಕ್ಕೆ ದುರಸ್ತಿಯಿಲ್ಲ. ಟೈರು ಹೊಸದಾಗಿದ್ದರೂ, ಗೆರೆಗಳು ಪೂರ್ಣವಿದ್ದರೂ ಬದಲಾಯಿಸಲೇಬೇಕು. "ಊರಿಗೆ ಹೋಗಿ ಬಂದು ನೋಡೋಣ" ಎನ್ನುವಂತಹ ದೋಷ ಇದಲ್ಲ.

ಟ್ಯೂಬ್‌ಲೆಸ್ ಟೈರಿನ ನೆಲ ತಾಗುವ ಭಾಗದಲ್ಲಿ ಆದ ಸಣ್ಣ ಪಂಕ್ಚರನ್ನು ದುರಸ್ತಿ ಮಾಡಿಸಬಹುದು. ಅಂಚಿನಲ್ಲಿ ಅಥವಾ ಪಕ್ಕದ ಗೋಡೆಯಲ್ಲಿ ಆದ ತೂತನ್ನು ದುರಸ್ತಿ ಮಾಡಿಸಿ ಓಡಿಸುವುದು ಸುರಕ್ಷಿತವಲ್ಲ. ಹೊರಗಿನಿಂದ ರಬ್ಬರ್ ಎಳೆ ತುರುಕುವ ದುರಸ್ತಿ ತಾತ್ಕಾಲಿಕ; ಟೈರನ್ನು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸುವುದು ಬಾಳಿಕೆ ಬರುತ್ತದೆ. ಗಾಳಿಯಿಲ್ಲದ ಟೈರಿನ ಮೇಲೆಯೇ ಪಂಕ್ಚರ್ ಅಂಗಡಿಯವರೆಗೆ ಓಡಿಸಿಕೊಂಡು ಬಂದಿದ್ದಲ್ಲಿ ಒಳಗೋಡೆ ಪುಡಿಯಾಗಿದೆಯೇ ಎಂದು ಬಿಚ್ಚಿಸಿ ನೋಡದೆ ಗಾಳಿ ತುಂಬಿಸಬಾರದು.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆಯಾದರೂ ಪರೀಕ್ಷಿಸತಕ್ಕದ್ದು. ಸರಿಯಾದ ಅಳತೆಯು ಚಾಲಕರ ಬಾಗಿಲಿನ ಚೌಕಟ್ಟಿನ ಪಟ್ಟಿಯಲ್ಲಿ ಅಥವಾ ಕೈಪಿಡಿಯಲ್ಲಿರುತ್ತದೆ. ಟೈರಿನ ಮೇಲೆ ಮುದ್ರಿತವಾಗಿರುವುದು ಗರಿಷ್ಠ ಒತ್ತಡವಾಗಿದ್ದು, ಅದನ್ನು ನೋಡಿ ಗಾಳಿ ಹಿಡಿಸುವುದು ತಪ್ಪು.

ಮಳೆಗಾಲಕ್ಕೆ ಮುಂಚೆ

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಿಂದ ಆರಂಭವಾಗಿ ಅಕ್ಟೋಬರ್‌ವರೆಗೆ ಮಳೆ ಇರುತ್ತದೆ. ಬೇಸಿಗೆಯಲ್ಲಿ ರಸ್ತೆಯ ಮೇಲೆ ಕೂತ ಎಣ್ಣೆ ಮತ್ತು ಧೂಳು ಮೊದಲ ಮಳೆಯಲ್ಲಿ ಕಲಸಿ ಜಾರುತ್ತದೆ. ಟೈರುಗಳ ತಪಾಸಣೆಗೆ ಮಾರ್ಚ್ ಕೊನೆಯೇ ತಕ್ಕ ಸಮಯ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಆರಂಭದ ಮಳೆಯಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ವರ್ತೂರು ಭಾಗಗಳು ಜಲಾವೃತವಾದುದನ್ನು ಈ ಭಾಗದ ನಿವಾಸಿಗಳು ಮರೆತಿರಲಾರರು. ಅಷ್ಟು ನೀರಿನಲ್ಲಿ ಯಾವ ಟೈರೂ ನೆರವಿಗೆ ಬಾರದು. ಆದರೆ ಸಾಮಾನ್ಯ ಮಳೆಯ ದಿನ ಮೇಲ್ಸೇತುವೆಗಳ ತಗ್ಗಿನಲ್ಲಿ ಮತ್ತು ಕೆಳಸೇತುವೆಗಳ ಬಾಯಲ್ಲಿ ನಿಲ್ಲುವ ಬೆರಳು ದಪ್ಪದ ನೀರಿನಲ್ಲಿ 5 ಮಿ.ಮೀ. ಗೆರೆಯ ಟೈರಿಗೂ 1.6 ಮಿ.ಮೀ. ಗೆರೆಯ ಟೈರಿಗೂ ಇರುವ ಅಂತರ ಚಾಲಕರ ಅರಿವಿಗೆ ಬಂದೇ ಬರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ನಂತರ ವಾಹನ ನಿಲ್ಲುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ

ಹೊಸ ಸಾರಿಗೆ ವಾಹನದ ಅರ್ಹತಾ ಪತ್ರ ಎರಡು ವರ್ಷಗಳಿಗೆ ಊರ್ಜಿತವಿರುತ್ತದೆ. ತದನಂತರ ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಗಳಿಗೊಮ್ಮೆ, ಆ ಬಳಿಕ ಪ್ರತಿ ವರ್ಷ ನವೀಕರಿಸಿಕೊಳ್ಳತಕ್ಕದ್ದು. ಸಾರಿಗೇತರ ವಾಹನಗಳ ನೋಂದಣಿ ಹದಿನೈದು ವರ್ಷಗಳವರೆಗೆ ಊರ್ಜಿತವಿದ್ದು, ಮುಕ್ತಾಯದ ದಿನಾಂಕಕ್ಕೆ ಅರವತ್ತು ದಿನಗಳ ಮುಂಚಿತವಾಗಿನಿಂದ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ವೈಟ್‌ಫೀಲ್ಡ್ ಭಾಗಕ್ಕೆ ಕೃಷ್ಣರಾಜಪುರ (ಕೆಎ-53) ಹಾಗೂ ಎಲೆಕ್ಟ್ರಾನಿಕ್ ಸಿಟಿ ಭಾಗಕ್ಕೆ ಎಲೆಕ್ಟ್ರಾನಿಕ್ ಸಿಟಿ (ಕೆಎ-51) ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. ಅರ್ಜಿ ಮತ್ತು ಶುಲ್ಕವನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದ್ದು, ಚಾಲ್ತಿಯಲ್ಲಿರುವ ಶುಲ್ಕ ಅಲ್ಲಿಯೇ ತೋರುತ್ತದೆ. ತಪಾಸಣೆಯಲ್ಲಿ ಟೈರು ದೋಷಪೂರಿತವೆಂದು ಕಂಡುಬಂದಲ್ಲಿ ಸರಿಪಡಿಸಿ ಮರುತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಒಂದು ದಿನದ ದುಡಿಮೆ ವ್ಯರ್ಥವಾಗುತ್ತದೆ. ಮನೆಯಲ್ಲಿಯೇ ಅಳೆದುಕೊಂಡು ಬರುವುದು ಅರ್ಜಿದಾರರಿಗೇ ಅನುಕೂಲ.

ತಪಾಸಣೆಯ ದಿನಕ್ಕಾಗಿ ಪರಿಚಯದವರ ವಾಹನದಿಂದ ಅಥವಾ ಅಂಗಡಿಯಿಂದ ಬಾಡಿಗೆಗೆ ಒಳ್ಳೆಯ ಟೈರುಗಳನ್ನು ತಂದು ಹಾಕಿಸಿ, ಪತ್ರ ದೊರೆತ ಸಂಜೆ ಹಳೆಯ ಟೈರುಗಳನ್ನೇ ಮರಳಿ ಹಾಕುವ ಪರಿಪಾಠ ಕೆಲವರಲ್ಲಿದೆ. ಅರ್ಹತಾ ಪತ್ರವು ತಪಾಸಣೆಯ ದಿನದ ಸ್ಥಿತಿಯನ್ನು ಮಾತ್ರ ದೃಢೀಕರಿಸುತ್ತದೆ. ಮರುದಿನ ಸವೆದ ಟೈರಿನಲ್ಲಿ ವಾಹನ ಓಡಿಸಿದರೆ ಮೇಲೆ ವಿವರಿಸಿದ ಕಲಂ 190ರ ಹೊಣೆ ಆ ಪತ್ರದಿಂದ ತಪ್ಪುವುದಿಲ್ಲ; ಬದಲಾಗಿ, ದೋಷದ ಅರಿವು ಮಾಲೀಕರಿಗೆ ಇತ್ತೆಂಬುದಕ್ಕೆ ಟೈರು ಬದಲಿಸಿದ ಕ್ರಿಯೆಯೇ ಸಾಕ್ಷಿಯಾಗುತ್ತದೆ. ಎರಡು ಬಾರಿ ಟೈರು ಬಿಚ್ಚಿ ಹಾಕಿಸುವ ಕೂಲಿ, ಬಾಡಿಗೆ ಮತ್ತು ಅರ್ಧ ದಿನದ ಸಂಪಾದನೆಯನ್ನು ಕೂಡಿಸಿದರೆ ಹೊಸ ಟೈರಿನ ಬೆಲೆಯ ಗಣನೀಯ ಭಾಗ ಹೀಗೆಯೇ ಕಳೆದುಹೋಗಿರುತ್ತದೆ.

ಹೊಸ ಟೈರು ಕೊಳ್ಳುವಾಗ

ವಾಹನ ತಯಾರಕರು ಸೂಚಿಸಿದ ಅಳತೆಯ ಟೈರನ್ನೇ ಕೊಳ್ಳಬೇಕು. 185/65 ಆರ್ 15 88 ಎಚ್ ಎಂಬ ಬರಹದಲ್ಲಿ 185 ಎಂಬುದು ಮಿ.ಮೀ.ನಲ್ಲಿ ಅಗಲ, 65 ಎಂಬುದು ಅಗಲದ ಶೇಕಡಾವಾರು ಲೆಕ್ಕದಲ್ಲಿ ಗೋಡೆಯ ಎತ್ತರ, ಆರ್ ಎಂದರೆ ರೇಡಿಯಲ್, 15 ಇಂಚು ಚಕ್ರದ ವ್ಯಾಸ. 88 ಎಂಬ ಸೂಚ್ಯಂಕ ಒಂದು ಟೈರು 560 ಕಿ.ಗ್ರಾಂ. ಭಾರ ಹೊರಬಲ್ಲದೆಂದೂ, ಎಚ್ ಎಂಬ ಅಕ್ಷರ ಗಂಟೆಗೆ 210 ಕಿ.ಮೀ. ವೇಗಕ್ಕೆ ತಕ್ಕದ್ದೆಂದೂ ಸೂಚಿಸುತ್ತದೆ. ಬೆಲೆ ಕಡಿಮೆಯೆಂದು ಕಡಿಮೆ ಭಾರ ಸೂಚ್ಯಂಕದ ಟೈರು ಹಾಕಿಸುವುದು ಕ್ಯಾಬ್ ಮತ್ತು ಸರಕು ವಾಹನಗಳಲ್ಲಿ ಅಪಾಯಕರ.

2009ರ ಗುಣಮಟ್ಟ ನಿಯಂತ್ರಣ ಆದೇಶದಂತೆ ವಾಹನಗಳ ಟೈರುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಐ.ಎಸ್. 15627, ಕಾರುಗಳಿಗೆ ಐ.ಎಸ್. 15633, ವಾಣಿಜ್ಯ ವಾಹನಗಳಿಗೆ ಐ.ಎಸ್. 15636 ಮಾನಕಗಳು ಅನ್ವಯಿಸುತ್ತವೆ. ಇದಲ್ಲದೆ ಕಾರು, ಬಸ್ಸು ಮತ್ತು ಲಾರಿಗಳ ಹೊಸ ವಿನ್ಯಾಸದ ಟೈರುಗಳು 2022ರ ಅಕ್ಟೋಬರ್ 1ರಿಂದ ಒದ್ದೆ ರಸ್ತೆಯ ಹಿಡಿತ, ಉರುಳುವ ಪ್ರತಿರೋಧ ಮತ್ತು ಶಬ್ದದ ಮಿತಿಗಳನ್ನೂ ಪೂರೈಸಬೇಕಾಗಿದೆ.

ಎರಡೇ ಟೈರು ಕೊಳ್ಳುವ ಶಕ್ತಿಯಿದ್ದಲ್ಲಿ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸುವುದು ಸೂಕ್ತ. ಮುಂದಿನ ಚಕ್ರಗಳು ಜಾರಿದರೆ ವಾಹನ ನೇರ ಹೋಗುತ್ತದೆ ಮತ್ತು ವೇಗ ಇಳಿಸಿದರೆ ಹತೋಟಿಗೆ ಬರುತ್ತದೆ; ಹಿಂದಿನವು ಜಾರಿದರೆ ವಾಹನ ಗಿರ್ರನೆ ತಿರುಗಿಬಿಡುತ್ತದೆ. ಒಂದೇ ಆಕ್ಸಲ್‌ನ ಎರಡು ಬದಿಗೆ ಬೇರೆ ಬೇರೆ ರೀತಿಯ ಟೈರು ಹಾಕಿಸಬಾರದು.

ಬಿಲ್ಲನ್ನು ತಪ್ಪದೆ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಯಾವ ದರ ಹಾಕಲಾಗಿದೆಯೆಂದು ನೋಡಿಕೊಳ್ಳಬೇಕು. ತಯಾರಿಕಾ ದೋಷಕ್ಕೆ ವಾರಂಟಿ ಕೇಳಲು ಈ ಬಿಲ್ಲೇ ಆಧಾರ. ನ್ಯಾಯ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ವಿಮೆಯನ್ನು ಮಾತ್ರ ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಟೈರಿಗೆ ಮಾತ್ರ ಆದ ಹಾನಿಗೆ ಪರಿಹಾರವಿಲ್ಲ. ವಾಹನಕ್ಕೂ ಅದೇ ವೇಳೆ ಹಾನಿಯಾಗಿದ್ದರೆ ಟೈರಿನ ಬೆಲೆಯ ಶೇ. 50ರವರೆಗೆ ದೊರೆಯುತ್ತದೆ.

ಬಳಸಿದ ಟೈರುಗಳು ಮತ್ತು ರೀಸೋಲ್

ಭಾರಿ ವಾಹನಗಳ ಟೈರಿನ ಒಡಲು ಗಟ್ಟಿಯಾಗಿದ್ದರೆ ಮೇಲ್ಪದರಕ್ಕೆ ಹೊಸ ರಬ್ಬರ್ ಹಾಕಿಸುವ ರೀಸೋಲ್ ಪದ್ಧತಿ ಬಹುಕಾಲದಿಂದ ಇದೆ. ರಸ್ತೆ ಸಾರಿಗೆ ನಿಗಮಗಳೂ ಇದನ್ನು ಅನುಸರಿಸುತ್ತವೆ. ಕ್ರಮಬದ್ಧವಾಗಿ ಮಾಡಿದ ರೀಸೋಲ್‌ನಲ್ಲಿ ತಪ್ಪೇನಿಲ್ಲ. ಆದರೆ ಸ್ಟೀರಿಂಗ್ ಚಕ್ರಗಳಿಗೆ, ಅಂದರೆ ಮುಂದಿನ ಆಕ್ಸಲ್‌ಗೆ ಹೊಸ ಟೈರನ್ನೇ ಹಾಕುವುದು ಸುರಕ್ಷಿತ. ಸವೆದ ಟೈರಿನಲ್ಲಿ ಬಿಸಿ ಬ್ಲೇಡಿನಿಂದ ಗೆರೆಗಳನ್ನು ಮತ್ತೆ ಕೊರೆದು ಮಾರುವುದು ಬೇರೆಯೇ ಮಾತು. ಕಾರು ಮತ್ತು ದ್ವಿಚಕ್ರ ವಾಹನಗಳ ಟೈರಿನಲ್ಲಿ ಹಾಗೆ ಕೊರೆಯುವಷ್ಟು ರಬ್ಬರ್ ಇರುವುದಿಲ್ಲ. ಕೊರೆದ ಗೆರೆ ಒಳಪದರದ ಹತ್ತಿರಕ್ಕೆ ಹೋಗುತ್ತದೆ. ಗೆರೆ ಆಳವಾಗಿದ್ದು ಅದರ ತಳದಲ್ಲಿ ಸವೆತದ ದಿಂಡು ಇಲ್ಲದಿದ್ದರೆ, ಅಥವಾ ದಿಂಡು ತುಂಡಾಗಿದ್ದರೆ, ಅಂತಹ ಟೈರನ್ನು ಕೊಳ್ಳಬಾರದು.

ತೆಗೆದ ಟೈರುಗಳ ವಿಲೇವಾರಿ

ಬದಲಾಯಿಸಿದ ಹಳೆಯ ಟೈರನ್ನು ಮನೆಗೆ ತಂದು ತಾರಸಿಯ ಮೇಲೆ ಇಡುವ ಅಗತ್ಯವಿಲ್ಲ. ಅದರೊಳಗೆ ನಿಂತ ಮಳೆನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ತಮ್ಮ ಆವರಣದಲ್ಲಿ ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡವನ್ನೂ ಗೊತ್ತುಪಡಿಸಿದೆ. ಗ್ಯಾರೇಜು, ಪಂಕ್ಚರ್ ಅಂಗಡಿ ಮತ್ತು ಕಾರ್ಖಾನೆಗಳ ಅಂಗಳದಲ್ಲಿ ರಾಶಿ ಹಾಕಿರುವ ಟೈರುಗಳಿಗೂ ಇದು ಅನ್ವಯಿಸುತ್ತದೆ. ಚಳಿ ಕಾಯಿಸಲು ಅಥವಾ ಒಳಗಿನ ತಂತಿ ತೆಗೆಯಲು ಟೈರು ಸುಡುವುದು ಆರೋಗ್ಯಕ್ಕೆ ಹಾನಿಕರ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ತಿದ್ದುಪಡಿ ನಿಯಮಗಳಂತೆ ತ್ಯಾಜ್ಯ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರು ಮತ್ತು ಆಮದುದಾರರಿಗೆ ವಹಿಸಲಾಗಿದೆ. ಹಳೆಯ ಟೈರನ್ನು ಹೊಸದು ಕೊಂಡ ಅಂಗಡಿಯಲ್ಲಿಯೇ ಬಿಟ್ಟುಬರಬಹುದು. ಹಾಗೆ ಬಿಡುವಾಗ ಅದು ಮತ್ತೊಬ್ಬರ ವಾಹನಕ್ಕೆ ಹೋಗದಂತೆ ಪಕ್ಕದ ಗೋಡೆಯನ್ನು ಕತ್ತರಿಸಿಕೊಡುವಂತೆ ಅಂಗಡಿಯವರನ್ನು ಕೋರಬಹುದು.